ವ್ಹೀಲ್ ಆಫ್ ಫಾರ್ಚೂನ್ ಕಾರ್ಡ್ ಬಿದ್ರ ಏನಂತ ತಿಳ್ಕೋಬೇಕು? ಹಳೇ ತತ್ವಶಾಸ್ತ್ರ ಹಿಡ್ಕೊಂಡು ಟ್ಯಾರೋ ಓದೋರಿಗೆ ಪದೇ ಪದೇ ಬರೂ ಪ್ರಶ್ನೆಗಳು

ಟ್ಯಾರೋ ಅಂದ್ರ ಚಿತ್ರದ ಕಾರ್ಡ್ ತಗದು ಅದರ ಅರ್ಥ ಓದೂ ಪದ್ಧತಿ, ಅದರ ಡೆಕ್‌ನ್ಯಾಗ, ಅಂದ್ರ ಕಾರ್ಡ್ ಕಟ್ಟಿನ್ಯಾಗ, 78 ಕಾರ್ಡ್ ಇರ್ತಾವು, ಅದ್ರಾಗ ಹತ್ತನೇ ನಂಬರಿಂದು ವ್ಹೀಲ್ ಆಫ್ ಫಾರ್ಚೂನ್, ಅದೃಷ್ಟದ ಗಾಲಿ. ಇದು ಬಿತ್ತಂದ್ರ ಎದುರು ಕುಂತವ್ರ ಮಾರಿ ಒಮ್ಮೆಲೇ ಅರಳ್ತೇತಿ ಇಲ್ಲಾಂದ್ರ ಬಾಡ್ತೇತಿ, ನಡುವಿಂದು ಅನ್ನೂದ ಇಲ್ಲ. ನಾನು ಈ ಕಾರ್ಡ್‌ನ ಗ್ರೀಕ್, ರೋಮನ್ ತತ್ವಜ್ಞಾನಿಗಳನ್ನ ಮತ್ತ ನಮ್ಮ ಕಡೆಯವ್ರನ್ನ ಜೋಡಿ ಇಟ್ಕೊಂಡು ಓದ್ತೀನಿ. ಮುಂದ ಏನಾಗ್ತೇತಿ ಅಂತ ಹೇಳೂದು ನನ್ನ ಕೆಲಸ ಅಲ್ರಿ, ಕೇಳಾಕ ಬಂದವ್ರು ತಂದ ಪ್ರಶ್ನೆ ಸರಿ ಐತೋ ಇಲ್ಲೋ ಅಂತ ಅವ್ರ ಕೂಡ ಕುಂತು ನೋಡೂದು ನನ್ನ ಕೆಲಸ. ಹುಬ್ಬಳ್ಳಿ ಧಾರವಾಡ, ಗದಗ, ಹಾವೇರಿ ಕಡೆ ಮಂದಿ ತಿರುಗಿ ತಿರುಗಿ ಕೇಳೂ ಪ್ರಶ್ನೆಗಳನ್ನ ಇಲ್ಲಿ ಒಂದ ಕಡೆ ಬರದಿಟ್ಟೀನಿ.

ಕಾರ್ಡ್ ಮ್ಯಾಲೆ ಏನೇನ್ ಐತಿ, ಮೊದ್ಲು ಅದನ್ನ ಹೇಳ್ರಿ

ನಮಗ ಸಿಗೂ ಡೆಕ್ ಹೆಚ್ಚಾಗಿ ರೈಡರ್-ವೇಟ್-ಸ್ಮಿತ್ ಡೆಕ್, ಇಲ್ಲಾ ಅದನ್ನ ನೋಡಿ ಮಾಡಿದ್ದು. 1909ರಾಗ ಲಂಡನ್‌ನ್ಯಾಗ ಬಂತು, ಎ. ಇ. ವೇಟ್ ಅನ್ನಾವ್ರು ವಿಚಾರ ಕೊಟ್ರು, ಪಮೇಲಾ ಕೋಲ್ಮನ್ ಸ್ಮಿತ್ ಅನ್ನಾಕಿ ಚಿತ್ರ ಬರದ್ಲು. ಕಾರ್ಡ್ ಕೈಯಾಗ ಹಿಡ್ದು ನೋಡ್ರಿ, ನಡುವ ಒಂದು ದೊಡ್ಡ ಗಾಲಿ, ಅದರ ತುದೀಗೆ ಕತ್ತಿ ಹಿಡ್ಕೊಂಡು ಕುಂತ ಸ್ಫಿಂಕ್ಸ್ (ಮನಷ್ಯಾನ ಮಾರಿ, ಸಿಂಹದ ಮೈ), ಎಡಗಡೆ ತಲಿ ಕೆಳಗ ಮಾಡಿ ಇಳಿಯೂ ಹಾವು, ಬಲಗಡೆಯಿಂದ ನಾಯಿಮಾರಿ ಇರೂ ಈಜಿಪ್ಟಿನ ದೇವರು ಅನೂಬಿಸ್ ಏರ್ಲಿಕತ್ತೈತಿ. ನಾಕೂ ಮೂಲ್ಯಾಗ ಮೋಡದ ಮ್ಯಾಲೆ ರೆಕ್ಕಿ ಇರೂ ನಾಕು ಜೀವ, ಮನಷ್ಯಾ, ಹದ್ದು, ಸಿಂಹ, ಗೂಳಿ. ಇವು ಬೈಬಲ್‌ದಾಗ ಪ್ರವಾದಿ ಎಝೆಕಿಯೆಲ್ ಕಂಡ ದರ್ಶನದಿಂದ ಬಂದವು.

ಎಲ್ಲಾರ ಕಣ್ಣು ಮೊದ್ಲು ಮ್ಯಾಲಿನ ಸ್ಫಿಂಕ್ಸ್‌ಗೆ ಹೋಗ್ತೇತಿ, ನಾನು ಮೊದ್ಲು ಮೂಲಿ ತೋರಸ್ತೀನಿ, ಯಾಕಂದ್ರ ಆ ನಾಕೂ ಜೀವಗಳ ಮುಂದ ಒಂದೊಂದು ಪುಸ್ತಕ ತೆರದೈತಿ. ನಡುವ ಏರೂದು ಇಳಿಯೂದು ನಡದ ಐತಿ, ಅವು ತಮ್ಮ ಪಾಡಿಗೆ ಓದ್ಕೋತ ಕುಂತಾವು. ತತ್ವಶಾಸ್ತ್ರದ ಕಣ್ಣಿಂದ ನೋಡೋರಿಗೆ ಈ ಕಾರ್ಡ್‌ನ್ಯಾಗ ಮುಖ್ಯ ಜಾಗ ಅದು.

ಟ್ಯಾರೋ ಅಂದ್ರ ಈಜಿಪ್ಟಿನ ಸಾವಿರಾರು ವರ್ಷದ ಗುಪ್ತ ವಿದ್ಯಾ ಅಂತಾರಲ್ಲ, ಹೌದೇನ್ರಿ?

ಅಲ್ರಿ. 15ನೇ ಶತಮಾನದಾಗ ಉತ್ತರ ಇಟಲಿಯೊಳಗ, ಮಿಲಾನ್, ಫೆರಾರಾ ಕಡೆ, ದೊಡ್ಡ ಮನಿತನದವ್ರು ಆಡೂ ಇಸ್ಪೀಟಿನಂಥಾ ಆಟ ಆಗಿತ್ತು. ಈಜಿಪ್ಟ್ ಅನ್ನೂ ಮಾತು ಹುಟ್ಟಿದ್ದು 1781ರಾಗ, ಫ್ರಾನ್ಸಿನ ಕೂರ್ ದ ಜೆಬೆಲಾ ಅನ್ನಾವ್ರು ಬರದದ್ದರಿಂದ, ಆವಾಗ ಈಜಿಪ್ಟಿನ ಚಿತ್ರಲಿಪಿ ಓದಾಕ ಯಾರಿಗೂ ಬರ್ತಿರ್ಲಿಲ್ಲ, ಶಾಂಪೋಲಿಯೋನ್ ಅದನ್ನ ಬಿಡಿಸಿದ್ದು 1822ರಾಗ. ಹಳೇದು ಅಂತ ಸುಳ್ಳು ವಯಸ್ಸು ಹಚ್ಚೂದು ಬ್ಯಾಡ, ಕಾರ್ಡ್‌ನ ವಯಸ್ಸು ಐನೂರು ಚಿಲ್ಲರೆ ವರ್ಷ, ಅದ್ರಾಗಿನ ವಿಚಾರದ ವಯಸ್ಸು ಅದಕ್ಕಿಂತ ಭಾಳ ಹೆಚ್ಚು.

ಹಂಗಾದ್ರ ಈ ಗಾಲಿ ಎಲ್ಲಿಂದ ಬಂತು?

ರೋಮನ್ನರಿಗೆ ಫಾರ್ಚೂನಾ ಅಂತ ಒಬ್ಬಾಕಿ ದೇವತಿ ಇದ್ಲು, ಗ್ರೀಕರು ಟೈಕೆ ಅಂತಿದ್ರು. ಆದ್ರ ಗಾಲಿ ತಿರುಗಿಸೂ ಫಾರ್ಚೂನಾನ್ನ ಯುರೋಪಿನ ಮಂದಿ ಮನಸಿನ್ಯಾಗ ಗಟ್ಟಿ ಕೂಡಿಸಿದಾವ ರೋಮಿನ ತತ್ವಜ್ಞಾನಿ ಬೊಯೀಥಿಯಸ್. ಇವನ ಕಥಿ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಈ ಕಾರ್ಡ್ ಅರ್ಥ ಆಗೂದ ಇಲ್ಲಿಂದ. 510ರಾಗ ಇವ ರೋಮ್‌ನ ಕಾನ್ಸಲ್ ಆದ, ಅಂದ್ರ ಭಾಳ ದೊಡ್ಡ ಪದವಿ, 522ರಾಗ ಇವನ ಇಬ್ರೂ ಮಕ್ಕಳು ಒಮ್ಮೆಲೇ ಕಾನ್ಸಲ್ ಆದ್ರು, ಅಪ್ಪಗ ಅದಕ್ಕಿಂತ ದೊಡ್ಡ ದಿನ ಯಾವುದಿರ್ತೇತಿ ಹೇಳ್ರಿ. ಅದಾಗಿ ವರ್ಷ ಒಪ್ಪತ್ತಿನ್ಯಾಗ ರಾಜದ್ರೋಹದ ಆರೋಪ ಬಂತು, ದೊರಿ ಥಿಯೋಡೊರಿಕ್ ಹಿಡಿಸಿ ಸೆರೀಗೆ ಹಾಕಿದ, 524ರ ಸುಮಾರಿಗೆ ಕೊಲ್ಲಿಸಿದ. ಸಾವು ಎದುರಿಗೆ ಕುಂತಾಗ ಅವ ಬರದ ಪುಸ್ತಕದಾಗ ತತ್ವಶಾಸ್ತ್ರ ಒಬ್ಬ ಹೆಣ್ಣುಮಗಳ ರೂಪದಾಗ ಸೆರಿಮನಿಗೆ ಬರ್ತಾಳ, ಬಂದಾಕಿ ಫಾರ್ಚೂನಾನ ಪರವಾಗಿ ತಾನ ವಕೀಲಿಕಿ ಮಾಡ್ತಾಳ. ಏನಂತ? ನೀ ತಾಯಿ ಹೊಟ್ಟಿಯಿಂದ ಬರೋವಾಗ ಏನೂ ತಂದಿದ್ದಿಲ್ಲ, ಕೊಟ್ಟದ್ದೆಲ್ಲಾ ನಂದು, ನಂದು ನಾ ತಿರುಗಿ ತಗೊಂಡ್ರ ಅನ್ಯಾಯ ಹೆಂಗಾತು? ಗಾಲಿ ತಿರುಗ್ಸೂದ ನನ್ನ ಆಟ, ಏರಬೇಕಂದ್ರ ಏರು, ಇಳಿಯೂ ಪಾಳಿ ಬಂದಾಗ ತಕರಾರು ಮಾಡಬ್ಯಾಡ.

ಓದಿದವ್ರಿಗೆ ಮೈ ಝುಂ ಅಂತೇತಿ. ಇದನ್ನ ಬರದಾವ ಮನ್ಯಾಗ ಬೆಚ್ಚಗ ಕುಂತು ಬರದಿಲ್ಲ.

ಮುಂದ ಒಂಬೈನೂರು ವರ್ಷದ ಮ್ಯಾಲೆ ಮಿಲಾನಿನ ವಿಸ್ಕೋಂಟಿ-ಸ್ಫೋರ್ಜಾ ಮನಿತನದ ಕಾರ್ಡ್ ಬರದಾಗ ಅದ ಚಿತ್ರ ಬಂತು. ನಡುವ ಕಣ್ಣಿಗೆ ಬಟ್ಟಿ ಕಟ್ಟಿದ ಫಾರ್ಚೂನಾ, ಸುತ್ತ ನಾಕು ಮಂದಿ. ಏರಾವ ಆಳತೀನಿ ಅಂತಾನ, ಮ್ಯಾಲಿದ್ದಾವ ಆಳಾಕತ್ತೀನಿ ಅಂತಾನ, ಇಳಿಯಾವ ಆಳಿದ್ದೆ ಅಂತಾನ, ಬುಡಕ ಬಿದ್ದ ಮುದುಕ ನನಗ ರಾಜ್ಯ ಇಲ್ಲ ಅಂತಾನ. ಏರಾವಗೂ ಮ್ಯಾಲಿದ್ದಾವಗೂ ಕತ್ತೆಕಿವಿ ಬರದಾರ. ಬುಡಕ ಇದ್ದ ಮುದುಕಗ ಇಲ್ಲ! ಬರದ ಚಿತ್ರಕಾರ ಭಾಳ ವಿಚಾರ ಮಾಡ್ಯಾನ.

ಸರ, ನಂದು ಪಿಎಸ್ಐ ಆಗ್ತೇತೋ ಇಲ್ಲೋ ಅಷ್ಟ ಹೇಳ್ರಿ, ಫಿಲಾಸಫಿ ಬ್ಯಾಡ

ಧಾರವಾಡದ ಸಪ್ತಾಪುರದಾಗ ಕೋಚಿಂಗ್‌ಗೆ ಅಂತ ರೂಮ್ ಮಾಡ್ಕೊಂಡು ಇರೂ ಹುಡುಗ್ರು ಹುಡುಗ್ಯಾರು ಕೇಳೂ ಪ್ರಶ್ನೆ ಇದು. ನನ್ನ ಕಡೆ ಇದಕ್ಕ ಹೌದು ಇಲ್ಲ ಅನ್ನೂ ಉತ್ತರ ಇಲ್ರಿ, ಕಾರ್ಡ್ ಕಡೆನೂ ಇಲ್ಲ. ಆದ್ರ ಫಿಲಾಸಫಿ ಬೇಕಾಗೂದು ಇಲ್ಲೇ.

545 ಪಿಎಸ್ಐ ಹುದ್ದೆದ್ದು ನೆನಪು ಮಾಡ್ಕೊಳ್ರಿ. 2021ರ ಅಕ್ಟೋಬರಿನ್ಯಾಗ ಪರೀಕ್ಷೆ ಆತು, ಅಕ್ರಮ ಹೊರಗ ಬಂದು 2022ರ ಏಪ್ರಿಲ್‌ನ್ಯಾಗ ರದ್ದಾತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯೊಳಗ. ನಿಯತ್ತಿನಿಂದ ಓದಿ ಬರದವ್ರು ಎಷ್ಟ ಮಂದಿ ಮ್ಯಾಲಿಂದ ಬುಡಕ ಬಂದ್ರು, ಅವ್ರದೇನು ತಪ್ಪಿತ್ರಿ? ಅವ್ರಿಗೆ ಹೋಗಿ ನೀವು ಇನ್ನೂ ಕಷ್ಟ ಪಡಬೇಕಿತ್ತು ಅಂದ್ರ ಅದು ಕ್ರೂರ ಮಾತು.

ಎಪಿಕ್ಟೆಟಸ್ ಅನ್ನೂ ಸ್ಟೋಯಿಕ್ ಪಂಥದ ತತ್ವಜ್ಞಾನಿ ಗುಲಾಮ ಆಗಿದ್ದಾವ, ಕಾಲು ಕುಂಟು, ತಾನ ಏನೂ ಬರೀಲಿಲ್ಲ, ಶಿಷ್ಯ ಅರಿಯನ್ ಬರದಿಟ್ಟದ್ದು ನಮಗ ಸಿಕ್ಕೈತಿ. ಅವನ ಮೊದಲನೇ ಪಾಠ ಅಂದ್ರ, ಕೆಲವು ನಮ್ಮ ಕೈಯಾಗ ಅದಾವು, ಕೆಲವು ಇಲ್ಲ. ಹೇಳಾಕ ಹಗೂರ ಐತಿ, ಆದ್ರ ಇದನ್ನ ಪೆನ್ನು ಹಿಡ್ದು ಮಾಡ್ರಿ, ಬಾಯಿಲೇ ಅಂದ್ರ ಏನೂ ಆಗಂಗಿಲ್ಲ. ಒಬ್ಬಾಕಿ ಹುಡುಗಿಗೆ ಇದ ಕಾರ್ಡ್ ಬಿದ್ದಾಗ ನಾನು ಆಕಿ ಕರೆಂಟ್ ಅಫೇರ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಾಗ ನಡುವ ಗೆರಿ ಹೊಡಿ ಅಂದೆ. ಎಡಗಡೆ ಬರದ್ಲು: ನೋಟಿಫಿಕೇಶನ್ ಯಾವಾಗ ಬರ್ತೇತಿ, ಕೋರ್ಟ್ ಸ್ಟೇ, ಕಟ್ ಆಫ್, ಬ್ಯಾರೆಯವ್ರು ಮಾಡೂ ಮೋಸ, ವಯಸ್ಸು. ಬಲಗಡೆ: ಮುಂಜಾನೆ ರನ್ನಿಂಗ್, ಪ್ರಬಂಧ, ಭಾಷಾಂತರ, ಇನ್ನೊಂದು ನೌಕರಿಗೆ ಅರ್ಜಿ. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ಕಚ್ಕೋತ ಕುಂತು ಆಮ್ಯಾಲೆ ಬಲಗಡೆನ ಇನ್ನೊಂದು ಸಾಲು ಬರದ್ಲು, "ಅಪ್ಪಾಜಿಗೆ ನಿಜ ಹೇಳೂದು" ಅಂತ. ಹೋದ ಸಲ ಬರದ ಪರೀಕ್ಷೆ ರಿಸಲ್ಟ್ ಬಂದಿದ್ದು ಮನ್ಯಾಗ ಇನ್ನೂ ಹೇಳಿದ್ದಿಲ್ಲಂತ. ಪರೀಕ್ಷೆ ಬಗ್ಗೆ ಕೇಳಾಕ ಬಂದಾಕಿ ಎದೀ ಮ್ಯಾಲೆ ಕುಂತಿದ್ದು ಆ ಸಾಲು.

ಹೇಳಬೇಕೋ ಬ್ಯಾಡೋ ಅಂತ ಇನ್ನೊಂದು ಕಾರ್ಡ್ ತಗೀಬಹುದೇನು?

ಆಕಿನೂ ಇದನ್ನ ಕೇಳಿದ್ಲು, ನಾ ತಗೀಲಿಲ್ಲ. ಕಾರಣ ಎಪಿಕ್ಟೆಟಸ್‌ನ ಹತ್ರನ ಐತಿ. ಶಕುನ ಕೇಳಾಕ ಹೋಗೂದರ ಬಗ್ಗೆ ಅವ ನೇರ ಮಾತಾಡ್ಯಾನ, ಹೋಗಬ್ಯಾಡ ಅನ್ನಂಗಿಲ್ಲ. ಹೋಗು, ಆದ್ರ ಆಶಾ ಮತ್ತ ಅಂಜಿಕಿ ಎರಡೂ ಹೊರಗ ಬಿಟ್ಟು ಹೋಗು, ಏನ ಬಂದ್ರೂ ಅದನ್ನ ಛಲೋ ಬಳಸ್ಕೊಳ್ಳೂದು ನಿನ್ನ ಕೈಯಾಗ ಐತಿ ಅಂತಾನ. ಮತ್ತ ವಿಚಾರ ಮಾಡಿದ್ರ ತಿಳಿಯೂ ವಿಷಯಕ್ಕ ಶಕುನ ಕೇಳಬ್ಯಾಡ ಅಂತ ಸಾಕ್ರೆಟಿಸ್‌ನ ಹೆಸರು ತಗೊಂಡು ಹೇಳ್ತಾನ. ಗೆಳ್ಯಾ ಅಪಾಯದಾಗ ಇದ್ದಾಗ ಅವನ ಜೋಡಿ ನಿಲ್ಲಬೇಕೋ ಬ್ಯಾಡೋ ಅಂತ ಕೇಳಾಕ ಹೋಗೂದು ಅಂದ್ರೇನು, ನಿಲ್ಲಬೇಕು ಅನ್ನೂದು ನಿನಗ ಮೊದ್ಲ ಗೊತ್ತೈತಿ, ಶಕುನ ಕೆಟ್ಟದು ಬಂತಂತ ಬಿಟ್ಟು ಓಡ್ತೀಯೇನು? ಗೆಳ್ಯಾನ್ನ ಕೊಲ್ಲಾಕತ್ತಾಗ ಸಹಾಯ ಮಾಡದ ನಿಂತಾವನ್ನ ಡೆಲ್ಫಿಯ ದೇವರು ಅಪೋಲೋ ತನ್ನ ಗುಡಿಯಿಂದ ಹೊರಗ ಹಾಕಿದ ಅಂತನೂ ಹೇಳ್ಯಾನ.

ಇದನ್ನ ನಾನು ಕಟ್ಟುನಿಟ್ಟಾಗಿ ಪಾಲಸ್ತೀನಿ. ತಾಯಿನ್ನ ನೋಡ್ಕೋಬೇಕೋ, ಸಾಲ ತೀರಿಸ್ಬೇಕೋ, ತಮ್ಮಗ ಹೊಲದ ಪಾಲು ಕೊಡಬೇಕೋ ಅಂತ ಕೇಳಿದ್ರ ಡೆಕ್ ಮುಚ್ಚಿ ಇಡ್ತೀನಿ.

ಅರ್ಧ ನಮ್ಮ ಕೈಯಾಗಿಲ್ಲ ಅಂದ್ರ ಹಣೆಬರಹ ಅಂತ ಸುಮ್ನ ಕುಂದ್ರೂದೇನ್ರಿ?

ಈ ಪ್ರಶ್ನೆ ಎಪಿಕ್ಟೆಟಸ್‌ನ ಪಂಥದ ಸ್ಟೋಯಿಕರಿಗೂ ಆವಾಗ್ಲೇ ಕೇಳಿದ್ರು, ಜಡ್ಡಾದಾವಗ ವಾಸಿ ಆಗೂದು ಬರದಿದ್ರ ಡಾಕ್ಟರ್‌ನ ಕರದ್ರೂ ಬಿಟ್ರೂ ಆಗ್ತೇತಲ್ಲ ಅಂತ. ಅವ್ರಾಗಿನ ಕ್ರಿಸಿಪ್ಪಸ್‌ನ ಉತ್ತರ ಏನಂದ್ರ, ವಾಸಿ ಆಗೂದು ಮತ್ತ ಡಾಕ್ಟರ್‌ನ ಕರಿಯೂದು ಎರಡೂ ಕೂಡೇ ಬರದಿರ್ತಾವು, ಒಂದನ್ನ ಕಿತ್ತು ಇನ್ನೊಂದು ಇಡಾಕ ಬರಂಗಿಲ್ಲ. ಇನ್ನೊಂದು ಮಾತು ಅವಂದು ನನಗ ಭಾಳ ಹಿಡಿಸ್ತೇತಿ, ರೋಮಿನ ಲೇಖಕ ಸಿಸೆರೋ ಬರದಿಟ್ಟಾನ: ಒಂದು ಉರುಳಿಗಲ್ಲಿನಂಥಾ ಸಿಲಿಂಡರ್‌ನ ದೂಕಿದ್ರ ಉರುಳ್ಕೋತ ಹೋಗ್ತೇತಿ, ಶಂಕುವಿನ ಆಕಾರದ್ದನ್ನ ದೂಕಿದ್ರ ಅಲ್ಲೇ ಗಿರಕಿ ಹೊಡೀತೇತಿ. ದೂಕಿದ್ದು ಹೊರಗಿನಾವ, ಹೆಂಗ ಹೋಗ್ತೇತಿ ಅನ್ನೂದು ಅದರದ್ದ ಆಕಾರ. ನಮ್ಮ ಸ್ವಭಾವ ಅಂದ್ರ ಆ ಆಕಾರ. ಅದ ಪೆಟ್ಟು ಇಬ್ಬರಿಗೆ ಬಿದ್ರೂ ಒಬ್ಬಾಂವ ಕುಡಿತಕ್ಕ ಬೀಳ್ತಾನ, ಒಬ್ಬಾಂವ ಮರುದಿನ ಅಂಗಡಿ ಬಾಗಲಾ ತಗೀತಾನ. ವ್ಹೀಲ್ ಆಫ್ ಫಾರ್ಚೂನ್ ಬಿದ್ದವ್ರಿಗೆ ನಾನು ಕೇಳೂ ಪ್ರಶ್ನೆ ಇದ, ಹಿಂದ ನಿಮಗ ಪೆಟ್ಟು ಬಿದ್ದಾಗ ನೀವು ಯಾವ ಕಡೆ ಉರುಳಿದ್ರಿ? ಉತ್ತರ ಎಲ್ಲಾರಿಗೂ ಗೊತ್ತಿರ್ತೇತಿ.

ಇದೆಲ್ಲಾ ಕಳಕೊಂಡವ್ರಿಗೆ ಬರೇ ಸಮಾಧಾನದ ಮಾತು ಅನಸಂಗಿಲ್ಲೇನು?

ಅನಸ್ತೇತಿ, ಅದಕ್ಕ ಸ್ಟೋಯಿಕರ ಮಾತನ್ನ ಒಂದ ಕೇಳಿ ನಿಲ್ಲಬಾರ್ದು. ರೊಕ್ಕ, ಆರೋಗ್ಯ, ಮಕ್ಕಳು ಮರಿ ಇವು ಹೋದ್ರೂ ಒಳ್ಳೇ ಮನಷ್ಯಾ ಸುಖಿನ ಅಂತಾರ ಅವ್ರು. ಅರಿಸ್ಟಾಟಲ್ ಒಪ್ಪಂಗಿಲ್ಲ. ಟ್ರಾಯ್‌ದ ಮುದಿ ರಾಜ ಪ್ರಿಯಾಮ್, ಮಕ್ಕಳು ಕಣ್ಮುಂದ ಸತ್ರು, ಊರು ಹೋತು, ಅವನ್ನ ಸುಖಿ ಅನ್ನಾಕ ಯಾರೂ ಬಾಯಿ ತಗಿಯಂಗಿಲ್ಲ ಅಂತಾನ. ಆದ್ರ ಅಷ್ಟಕ್ಕ ಕೈ ಬಿಡಂಗಿಲ್ಲ, ಛಲೋ ಚಮ್ಮಾರ ಕೊಟ್ಟ ಚರ್ಮದಾಗ ಆಗೂ ಅಷ್ಟು ಛಲೋ ಚಪ್ಪಲಿ ಹೊಲೀತಾನ, ಹಂಗ ಒಳ್ಳೇ ಮನಷ್ಯಾ ಬಂದ ಪರಿಸ್ಥಿತಿಯೊಳಗ ಆಗೂ ಅಷ್ಟು ಛಲೋ ಕೆಲಸ ಮಾಡ್ತಾನ ಅಂತಾನ. ನನಗ ಈ ವಿಷಯದಾಗ ಅರಿಸ್ಟಾಟಲ್ ಸರಿ ಅನಸ್ತಾನ.

ಹಾವೇರಿ ಕಡೆ ರೈತರ ಜೋಡಿ ಕುಂತ್ರ ಯಾಕ ಅಂತ ತಿಳೀತೇತಿ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ತಂದಾವಗ ರೇಟು ಹೋದ ವರ್ಷದ ಅರ್ಧಕ್ಕ ಬಿದ್ದೈತಿ ಅಂದ್ರ ಅವನ ಮುಂದ ರೊಕ್ಕ ದೊಡ್ಡದಲ್ಲ ಅಂತ ತತ್ವ ಹೇಳಬ್ಯಾಡ್ರಿ, ಬೀಜ, ಔಷಧ, ಕೂಲಿ, ಸೊಸೈಟಿ ಸಾಲ ಎಲ್ಲಾ ನಿಜವಾದ ಪೆಟ್ಟು. ಇಂಥವ್ರಿಗೆ ಈ ಕಾರ್ಡ್ ಬಿದ್ದಾಗ ಚರ್ಮದ ಪ್ರಶ್ನೆ ಕೇಳ್ರಿ: ಈಗ ಕೈಯಾಗ ಏನುಳದೈತಿ? ಕಾಯಿ ಸರಿ ಒಣಗ್ಯಾವೇನು, ಆರಿಸಿ ಬ್ಯಾರೆ ಮಾಡಿದ್ರ ಕೆಲವಕ್ಕರ ರೇಟ್ ಸಿಗ್ತೇತೇನು, ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ರ ಬಾಡಗಿ ಕೊಟ್ಟು ಉಳೀತೇತೇನು, ಮುಂದಿನ ಸಲ ಎಲ್ಲಾ ಹೊಲಕ್ಕೂ ಒಂದ ಬೆಳಿ ಹಾಕೂದು ಬೇಕೇನು? ರೇಟ್ ಏರ್ತೇತಿ ಅಂತ ಕಾರ್ಡ್ ನೋಡಿ ಹೇಳಿ ಅವನ ಕಡೆಯಿಂದ ಮಾಲು ಹಿಡಿಸಿ ಇಡೂದು ಪಾಪದ ಕೆಲಸ, ಹಂಗ ಹೇಳೋರ ಹತ್ರ ಹೋಗಬ್ಯಾಡ್ರಿ.

ನಮ್ಮ ಕಡೆ ಇಂಥಾ ವಿಚಾರ ಇಲ್ಲೇನು, ಎಲ್ಲಾ ಗ್ರೀಕರ ಹೇಳ್ಯಾರೇನು?

ಬೇಕಾದಷ್ಟು ಐತಿ. ಕಾಳಿದಾಸನ ಯಕ್ಷ ಹೆಂಡ್ತಿಗೆ ಕಳಸೂ ಸಂದೇಶದಾಗ ಮನಷ್ಯಾನ ದಶಾ ಗಾಲಿ ಅಂಚಿನಂಗ ಮ್ಯಾಲೆ ಕೆಳಗ ಆಗ್ತೇತಿ ಅನ್ನೂ ಮಾತೈತಿ. ಜೈನರ ಕಾಲಚಕ್ರಕ್ಕ ಹನ್ನೆರಡು ಅರ, ಆರು ಏರೂವು ಆರು ಇಳಿಯೂವು. ಹುಬ್ಬಳ್ಳಿಯಿಂದ ಮುಂಡಗೋಡ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಬಂದವ್ರಿಗೆ ಭವಚಕ್ರ, ಅಂದ್ರ ಹುಟ್ಟು ಸಾವಿನ ಗಾಲಿಯ ಚಿತ್ರ, ಗೊತ್ತಿರ್ತೇತಿ, ಟಿಬೆಟಿಯನ್ನರ ಮಠಗಳ ಬಾಗಲ ಹತ್ರ ಸಾಮಾನ್ಯವಾಗಿ ಅದನ್ನ ಬರೀತಾರ, ನಡುವ ಹುಂಜ, ಹಾವು, ಹಂದಿ, ಅಂದ್ರ ರಾಗ, ದ್ವೇಷ, ಮೋಹ. ಅಲ್ಲಿ ಗಾಲಿ ತಿರುಗ್ಸೂ ಶಕ್ತಿ ನಮ್ಮೊಳಗಿಂದ, ರೋಮನ್ನರದ್ದಕ್ಕೂ ಇದಕ್ಕೂ ಇರೂ ದೊಡ್ಡ ಫರಕ ಅದು.

ಆದ್ರ ನನ್ನನ್ನ ಕೇಳಿದ್ರ ಈ ಕಾರ್ಡಿಗೆ ಎದುರು ಇಟ್ಟು ನೋಡಬೇಕಾದ ಜೀವ ಗದಗ ಹತ್ರ ಲಕ್ಕುಂಡಿಯ ಅತ್ತಿಮಬ್ಬೆ. ದೊಡ್ಡ ಮನಿತನದ ಸೊಸಿ, ಗಂಡ ನಾಗದೇವ ಸಣ್ಣ ವಯಸ್ಸಿನ್ಯಾಗ ಹೋದ, ಆಕಿ ತಂಗಿ ಗುಂಡಮಬ್ಬೆನೂ ಅವನ ಹೆಂಡ್ತಿನ ಆಗಿದ್ಲು, ಆಕಿ ಗಂಡನ ಚಿತಾ ಏರಿದ್ಲು. ಸಣ್ಣ ಮಗನ್ನ ಇಟ್ಕೊಂಡು ಅತ್ತಿಮಬ್ಬೆ ಉಳದ್ಲು. ಗಾಲಿ ಇದಕ್ಕಿಂತ ಕೆಳಗ ಏನ್ ಇಳೀತೇತ್ರಿ? ಆಮ್ಯಾಲೆ ಆಕಿ ಮಾಡಿದ್ದು ನೋಡ್ರಿ, ಪೊನ್ನನ ಶಾಂತಿಪುರಾಣನ ತಾಳೆಗರಿ ಮ್ಯಾಲೆ ಸಾವಿರ ಪ್ರತಿ ಬರಸಿ ಹಂಚಿದ್ಲು, ಪ್ರಿಂಟ್ ಇಲ್ಲದ ಕಾಲದಾಗ! ರನ್ನಗ ಆಶ್ರಯ ಕೊಟ್ಲು, 993ರಾಗ ಅವ ಅಜಿತಪುರಾಣ ಮುಗಿಸಿದ. 1007ರ ಹೊತ್ತಿಗೆ ಲಕ್ಕುಂಡಿಯೊಳಗ ಬಸದಿ ಕಟ್ಟಿಸಿದ್ಲು, ಇವತ್ತೂ ಬ್ರಹ್ಮ ಜಿನಾಲಯ ಅಂತ ನಿಂತೈತಿ, ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರ್, ಹೋಗಿ ನೋಡ್ಕೊಂಡು ಬರ್ರಿ. ದಾನಚಿಂತಾಮಣಿ ಅಂತ ಮಂದಿ ಕರದ್ರು. ಬೊಯೀಥಿಯಸ್ ಬುಡಕ ಬಿದ್ದಾಗ ತಾನ ಪುಸ್ತಕ ಬರದ, ಈಕಿ ಬ್ಯಾರೆಯವ್ರ ಪುಸ್ತಕ ಉಳಿಸಿದ್ಲು, ಕಾರ್ಡ್ ಮೂಲ್ಯಾಗಿನ ಆ ತೆರದ ಪುಸ್ತಕ ನೋಡಿದಾಗೆಲ್ಲಾ ನನಗ ಆಕಿ ನೆನಪು ಬರ್ತಾಳ.

ಶರಣರು ಶಕುನ ಗಿಕುನ ಬ್ಯಾಡ ಅಂದಾರಲ್ಲ, ನೀವು ಕಾರ್ಡ್ ಹಿಡ್ಕೊಂಡು ಕುಂತೀರಿ?

ಬಸವಣ್ಣನವ್ರು ಮದುವಿ ಲಗ್ನ ಕೇಳಾಕ ಬಂದವ್ರಿಗೆ ಎಲ್ಲಾ ಶುಭ ಅಂತನ ಹೇಳ್ರಿ, ನಾಳಿಗಿಂತ ಇವತ್ತ ಛಲೋ ಅಂತ ಹೇಳ್ರಿ ಅನ್ನೂ ಅರ್ಥದ ವಚನ ಬರದಾರ. ಅದನ್ನ ನಾ ತಲೀಮ್ಯಾಲೆ ಇಟ್ಕೊಂಡ ಈ ಕೆಲಸ ಮಾಡ್ತೀನಿ, ನನ್ನ ಟೇಬಲ್‌ನ್ಯಾಗ ಕೆಟ್ಟ ದಿನ, ಕೆಟ್ಟ ಗಳಿಗಿ, ದೋಷ, ಪರಿಹಾರ ಇವು ಇಲ್ಲ. ಕಾರ್ಡ್ ಒಂದು ಚಿತ್ರ, ಮಾತಿಗೆ ಕುಂದ್ರಾಕ ಒಂದು ನೆಪ. ಇಷ್ಟಾದ ಮ್ಯಾಲೂ ಮನಸ್ಸು ಒಪ್ಪಲಿಲ್ಲಂದ್ರ ಕಾರ್ಡ್ ಬಿಟ್ಟಬಿಡ್ರಿ, ನೋಟ್‌ಬುಕ್ಕಿನ ಗೆರಿ ಅಷ್ಟ ಇಟ್ಕೊಳ್ರಿ.

ಗಿಳಿಶಾಸ್ತ್ರಕ್ಕೂ ಇದಕ್ಕೂ ಏನ್ ಫರಕ?

ಚೀಟಿ ಎತ್ತೂದರಾಗ ಏನೂ ಫರಕ ಇಲ್ರಿ. ರೋಮ್ ಹತ್ರ ಪ್ರೈನೆಸ್ಟೆ ಅಂತ ಊರಾಗ ಫಾರ್ಚೂನಾನ ದೊಡ್ಡ ಗುಡಿ ಇತ್ತು, ಓಕ್ ಕಟ್ಟಿಗಿ ಚೀಟಿ ಕಲಸಿ ಒಬ್ಬ ಸಣ್ಣ ಹುಡುಗನ ಕೈಲೇ ಎತ್ತಸ್ತಿದ್ರು, ಸಿಸೆರೋ ಕ್ರಿಸ್ತಪೂರ್ವ 44ರಾಗ ಇದನ್ನ ಬರದು ಇದ್ರಾಗ ಆಕಸ್ಮಿಕ ಬಿಟ್ಟು ಏನೈತಿ ಅಂತ ಕೇಳ್ಯಾನ. ಸರಿ ಪ್ರಶ್ನೆ. ಎತ್ತೂದು ಆಕಸ್ಮಿಕನ, ಬೆಲಿ ಇರೂದು ಎತ್ತಿದ ಮ್ಯಾಲೆ ಆಗೂ ವಿಚಾರಕ್ಕ. ರಾಣೆಬೆನ್ನೂರು ಕಡೆ ದೇವರಗುಡ್ಡದಾಗ ದಸರಾ ಟೈಮಿಗೆ ಗೊರವಯ್ಯ ಬಿಲ್ಲು ಏರಿ ಕಾರ್ಣಿಕ ನುಡೀತಾರ, ಒಂದ ಸಾಲು, ಮಳಿ ಬೆಳಿ ರಾಜಕೀಯ ಎಲ್ಲಾ ಅದ್ರಾಗ ಹುಡುಕ್ಕೋತ ಮಂದಿ ಮನಿ ಮುಟ್ಟೂತನಕ ಚರ್ಚಾ ಮಾಡ್ತಾರ. ಆ ಚರ್ಚಾದಾಗ ಅವ್ರವ್ರ ಅಂಜಿಕಿ, ಆಶಾ ಹೊರಗ ಬರ್ತಾವು.

ಕಾರ್ಡ್ ಉಲ್ಟಾ ಬಿದ್ರ ಕೆಟ್ಟದೇನು?

ಗಾಲಿ ಉಲ್ಟಾ ಹಿಡಿದ್ರೂ ಗಾಲಿನ. ನಾನು ಉಲ್ಟಾ ಅರ್ಥ ಹಚ್ಚಂಗಿಲ್ಲ.

ಮೂರು ವಾರದಿಂದ ಇದ ಕಾರ್ಡ್ ಬರಾಕತ್ತೈತಿ, ಏನರ ಸೂಚನಾ ಇರಬಹುದೇನು?

ಲೆಕ್ಕ ನೋಡ್ರಿ, 78ರಾಗ ಮೂರು ಕಾರ್ಡ್ ತಗದ್ರ ಯಾವುದರ ಒಂದು ಹೆಸರಿನ ಕಾರ್ಡ್ ಬರೂ ಸಾಧ್ಯತಾ 26ಕ್ಕ ಒಂದು. ದಿನಾ ಮೂರು ತಗಿಯೋರಿಗೆ ಸರಾಸರಿ ತಿಂಗಳಿಗೊಮ್ಮೆ ಬರೂದ. ಕಲಸೂದು ಸರಿ ಇಲ್ಲಂದ್ರ ಇನ್ನೂ ಜಲ್ದಿ ಬರ್ತೇತಿ. ದಿನಾ ತಗಿಯೂದ ಬಿಡ್ರಿ ಅಂತ ನನ್ನ ಸಲಹಾ, ಒಂದು ಪ್ರಶ್ನೆಗೆ ಒಂದ ಸಲ, ಆಮ್ಯಾಲೆ ಬಲಗಡೆ ಬರದದ್ದನ್ನ ಮಾಡಿ ಮುಗಿಸೂ ತನಕ ಡೆಕ್ ಮುಟ್ಟಬ್ಯಾಡ್ರಿ.

ರೂಮ್‌ಮೇಟ್ ರಿಸಲ್ಟ್ ಬಂದಾಗಿಂದ ಊಟ ಬಿಟ್ಟಾಳ, ಬದುಕೂದ ಬ್ಯಾಡ ಅಂತಾಳ, ಆಕಿಗೆ ಒಂದು ರೀಡಿಂಗ್ ಮಾಡ್ತೀರೇನು?

ಮಾಡಂಗಿಲ್ರಿ, ಇದಕ್ಕ ಕಾರ್ಡೂ ಬ್ಯಾಡ ಎಪಿಕ್ಟೆಟಸ್‌ನೂ ಬ್ಯಾಡ. ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ, ಮನಿಯವ್ರಿಗೆ ಫೋನ್ ಮಾಡ್ರಿ, ಧಾರವಾಡದಾಗ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರಿ ಐತಿ, ಇವತ್ತ ಕರ್ಕೊಂಡು ಹೋಗ್ರಿ. ರಾತ್ರಿ ಆಗಿದ್ರ ಟೆಲಿಮಾನಸ್ ಅನ್ನೂ ಸರ್ಕಾರದ ಸಹಾಯವಾಣಿ 14416ಕ್ಕ ಹಚ್ರಿ, ದುಡ್ಡು ಬೀಳಂಗಿಲ್ಲ, ಕನ್ನಡದಾಗ ಮಾತಾಡ್ತಾರ, ನೀವ ಮೊದ್ಲು ಹಚ್ಚಿ ಮಾತಾಡಿ ಆಮ್ಯಾಲೆ ಆಕಿ ಕೈಯಾಗ ಫೋನ್ ಕೊಡ್ರಿ.